‘ಪ್ರೀತಿ’ ಅಂತ ನಾನೂರು ಸಲ ಬಂದರೆ ಓದೋದು ಹೇಗೆ?

ಅಚ್ಚುಮೊಳೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ತಿಥಿ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಅಷ್ಟೇ ನನ್ನ ಸಾಹಿತ್ಯ ಸೇವೆ.

ಹೋದ ತಿಂಗಳು ಒಬ್ಬರು ರಿಟೈರ್ಡ್ ಮೇಷ್ಟ್ರು ಎರಡು ನೋಟ್‌ಬುಕ್ ತಂದುಕೊಟ್ಟರು. ಕ್ರೈಸ್ತರು. ದೇವರ ಪ್ರೀತಿಯ ಬಗ್ಗೆ ದಿನಕ್ಕೊಂದರಂತೆ ಓದುವ ಧ್ಯಾನಗಳು. ಸೆಟ್ ಮಾಡಿದ ಮೇಲೆ 96 ಪುಟ ಬಂತು, ಅಂದರೆ 16 ಪುಟದ ಆರು ಫಾರಂ. ನೀಲಿ ಶಾಯಿ, ದುಂಡು ಅಕ್ಷರ, ಎಲ್ಲೂ ಹೊಡೆದು ಹಾಕಿಲ್ಲ. ಇಂಥ ಹಸ್ತಪ್ರತಿ ಸಿಗುವುದೇ ಪುಣ್ಯ.

ತೊಂದರೆ ಏನಪ್ಪಾ ಅಂದರೆ, ಪುಟಪುಟಕ್ಕೂ ‘ಪ್ರೀತಿ’. ಫೈಂಡ್ ಒತ್ತಿ ನೋಡಿದೆ, 412 ಸಲ ಇದೆ. ಹತ್ತು ಪುಟ ಆಗುವಷ್ಟರಲ್ಲಿ ಕಣ್ಣು ಜಾರುತ್ತದೆ. ಬೆರಳು ಹೊಡೆಯುತ್ತಾ ಹೋಗುತ್ತದೆ, ತಲೆ ಎಲ್ಲೋ ಇರುತ್ತದೆ. ಹಾಗೆ ಜಾರಿ ಒಂದು ಎಡವಟ್ಟೂ ಆಯಿತು. ಒಂದು ಕೀ ತಪ್ಪಿ ‘ಪ್ರೀತಿ’ ಅನ್ನುವುದು ‘ಪ್ರತಿ’ ಆಗಿದೆ. ‘ದೇವರ ಪ್ರತಿ ಅಳತೆಗೆ ಸಿಗದು’ ಅಂತ ಮೊದಲ ಪ್ರೂಫಲ್ಲಿ ಹೋಗಿದೆ! ಮೇಷ್ಟ್ರು ಬೈಯಲಿಲ್ಲ. ಕೆಂಪು ಪೆನ್ನಲ್ಲಿ ಗುಡಿಸಿನ ದೀರ್ಘ ಬರೆದು, ಪಕ್ಕದಲ್ಲಿ ‘ಇಷ್ಟೇ ಬಿಟ್ಟಿದ್ದು’ ಅಂತ ಬರೆದು ವಾಪಸ್ ಕೊಟ್ಟರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ನಾನು ಕ್ರೈಸ್ತನಲ್ಲ. ಆದರೆ ಈಗ ಎರಡನೇ ಪ್ರೂಫ್ ಅಕ್ಷರ ಅಕ್ಷರ ಓದಲೇಬೇಕು. ಇಂಥ ಪುಸ್ತಕಗಳನ್ನು ದಿನಾ ಓದುವವರು ಇಲ್ಲಿ ಇದ್ದೀರಿ ಅಲ್ವಾ? ನೀವು ಹೇಗೆ ಓದುತ್ತೀರಿ? ಬೇಜಾರಾಗುವುದಿಲ್ಲವಾ? ನಿಜವಾಗಿಯೂ ಕೇಳುತ್ತಿದ್ದೇನೆ.


ಸುಮ್ನೆ ಬಂದೆ

‘ಪ್ರತಿ’ ಅಂತ ಫೈಂಡ್ ಕೊಡಿ, ಒಂದೊಂದೇ ನೋಡಿ ಸರಿ ಮಾಡಿ, ದುಡ್ಡು ಇಸ್ಕೊಳ್ಳಿ. ಓದೋಕೆ ಯಾರು ಹೇಳಿದ್ದು?


ಅಚ್ಚುಮೊಳೆ (ಮೈಸೂರು)

ಕೊಟ್ಟೆ ಸಾರ್. ಪ್ರತಿದಿನ, ಪ್ರತಿಯೊಬ್ಬ, ಪ್ರತಿಫಲ, ಪ್ರತಿಜ್ಞೆ. ದೊಡ್ಡ ಮೆರವಣಿಗೆಯೇ ಬಂತು. ಅದರ ನಡುವೆ ನನ್ನ ತಪ್ಪು ಎಲ್ಲಿ ಕೂತಿದೆ ಅಂತ ಗೊತ್ತಾಗಬೇಕಾದರೆ ವಾಕ್ಯ ಓದಲೇಬೇಕು.


ಲೂರ್ದುನಗರದ ಅಕ್ಕ

ತಮ್ಮಾ, ಮೊದಲು ಒಂದು ಮಾತು. ನೀನು ಓದುತ್ತಿರುವುದು ಕಾದಂಬರಿ ಅಲ್ಲ. ದಿನಕ್ಕೊಂದು ಅಂತ ಬರೆದದ್ದನ್ನು ಒಂದೇ ದಿನ 96 ಪುಟ ಹೊಡೆದರೆ ಯಾರಿಗಾದರೂ ಕಣ್ಣು ಜಾರುತ್ತದೆ. ನನ್ನ ಅತ್ತೆ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಬಂದು ಅರ್ಧ ಪುಟ ಓದುತ್ತಿದ್ದರು. ಅರ್ಧ ಪುಟ ಅಷ್ಟೇ. ಕಾಫಿ ಲೋಟ ಖಾಲಿ ಆಗುವುದರೊಳಗೆ ಮುಗಿಯಬೇಕು. ಒಂದು ಮಾತು ಮನಸ್ಸಿಗೆ ಹತ್ತಿದರೆ ಪೆನ್ಸಿಲಲ್ಲಿ ಸಣ್ಣ ಚುಕ್ಕೆ. ಹತ್ತದಿದ್ದರೆ ಇಲ್ಲ. ಅವರ ಪುಸ್ತಕ ಈಗ ನನ್ನ ಹತ್ತಿರ ಇದೆ. ಎಷ್ಟೋ ಪುಟಗಳಲ್ಲಿ ಚುಕ್ಕೆಯೇ ಇಲ್ಲ. ಅವರಿಗೂ ಹತ್ತುತ್ತಿರಲಿಲ್ಲ ಅಂತ ನೋಡಿದಾಗ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ?

ನನಗೆ ತುಂಬಾ ಹಿಡಿಸಿದವಳು ಲಿಸ್ಯೂ ಊರಿನ ತೆರೇಸಾ. ಫ್ರಾನ್ಸಿನವಳು, ಕಾರ್ಮೆಲ್ ಮಠದ ಸನ್ಯಾಸಿನಿ, 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ ಬರೀ 24 ವರ್ಷ. ಅವಳು ಬರೆದ ನೋಟ್‌ಬುಕ್ಕುಗಳು ಮುಂದಿನ ವರ್ಷವೇ ಪುಸ್ತಕವಾದವು. ದೊಡ್ಡ ದೊಡ್ಡ ಮಾತು ಇರುತ್ತದೆ ಅಂದುಕೊಂಡು ತೆಗೆದೆ. ಅದರಲ್ಲಿ ಏನಿದೆ ಅಂತೀಯಾ? ಸಂಜೆ ಮೌನವಾಗಿ ಪ್ರಾರ್ಥನೆಗೆ ಕೂತಾಗ ಹಿಂದೆ ಕೂತ ಸನ್ಯಾಸಿನಿ ಕಟಕಟ ಅಂತ ಏನೋ ಸದ್ದು ಮಾಡುತ್ತಿದ್ದಳಂತೆ. ತೆರೇಸಾಗೆ ತಿರುಗಿ ದುರುಗುಟ್ಟಿ ನೋಡಬೇಕು ಅನ್ನಿಸುತ್ತಿತ್ತಂತೆ. ಮೈ ಬೆವರುತ್ತಿತ್ತಂತೆ. ಕೊನೆಗೆ ಆ ಸದ್ದನ್ನೇ ಸಂಗೀತ ಕಚೇರಿ ಅಂದುಕೊಂಡು ಕೇಳುತ್ತಾ ಕೂತಳು. ಅದನ್ನೇ ದೇವರಿಗೆ ಕೊಟ್ಟಳು. ಬಟ್ಟೆ ಒಗೆಯುವಾಗ ಎದುರಿನವಳು ಕೊಳೆ ನೀರು ಮುಖಕ್ಕೆ ಎರಚುತ್ತಿದ್ದಳು ಅನ್ನುವುದೂ ಇದೆ. ಪ್ರಾರ್ಥನೆಯಲ್ಲಿ ನಿದ್ದೆ ಹೋಗುತ್ತಿದ್ದೆ ಅಂತಲೂ ಒಪ್ಪಿಕೊಂಡಿದ್ದಾಳೆ!

ನಮ್ಮ ಮನೆ ಮೇಲಿನ ಬಾಡಿಗೆಯವರು ರಾತ್ರಿ ಹನ್ನೊಂದಕ್ಕೆ ಮಿಕ್ಸಿ ಹಾಕುತ್ತಾರೆ. ಅದು ಇನ್ನೂ ನನಗೆ ಸಂಗೀತ ಆಗಿಲ್ಲ. ಆದರೆ ದೇವರ ಪ್ರೀತಿ ಅಂದರೆ ಮೋಡದ ಮೇಲಿನದ್ದಲ್ಲ ಅಂತ ಅವಳಿಂದ ತಿಳಿಯಿತು. ನಿನ್ನ ಮೇಷ್ಟ್ರ ಪುಸ್ತಕದಲ್ಲಿ ಇಂಥ ಮಿಕ್ಸಿ ಎಲ್ಲಿದೆ ಹುಡುಕು. ಇದ್ದೇ ಇರುತ್ತದೆ.


ಅಡುಗೆಮನೆ ಖೈದಿ

ಅಕ್ಕ ಹೇಳಿದ್ದು ಸರಿ. ನಾನು ಹಾಸ್ಟೆಲ್ ಅಡುಗೆಯವನು. ನನ್ನ ಆಸಾಮಿ ಬ್ರದರ್ ಲಾರೆನ್ಸ್. 17ನೇ ಶತಮಾನದ ಪ್ಯಾರಿಸ್. ಮೊದಲು ಸಿಪಾಯಿ, ಕಾಲು ಕುಂಟು, ಮಠ ಸೇರಿದರೆ ಅಡುಗೆಮನೆಗೆ ಹಾಕಿದರು. ಅಡುಗೆ ಅಂದರೆ ಅವನಿಗೆ ಆಗುತ್ತಿರಲಿಲ್ಲ, ಅದು ಗೊತ್ತಿರಲಿ. ಮಠಕ್ಕೆ ದ್ರಾಕ್ಷಾರಸ ಕೊಂಡು ತರಲು ಬರ್ಗಂಡಿಗೆ ಕಳಿಸಿದಾಗ, ದೋಣಿಯಲ್ಲಿ ನಡೆಯಲಾರದೆ ಪೀಪಾಯಿಗಳ ಮೇಲೆ ಉರುಳಿಕೊಂಡು ಹೋಗುತ್ತಿದ್ದನಂತೆ. ಬಾಣಲೆಯಲ್ಲಿ ಆಮ್ಲೆಟ್ ಮಗುಚುವುದೂ ದೇವರ ಪ್ರೀತಿಗಾಗಿ ಅಂತಿದ್ದ. 1691ರಲ್ಲಿ ತೀರಿಕೊಂಡ ಮೇಲೆ ಅವನ ಕಾಗದಗಳು, ಅವನ ಜೊತೆ ಆಡಿದ ಮಾತುಗಳು ಸೇರಿ ಸಣ್ಣ ಪುಸ್ತಕ ಆಯಿತು. ಇನ್ನೂರು ಜನಕ್ಕೆ ಸಾರು ಕಾಯಿಸುವವನಿಗೆ ಅಷ್ಟು ಸಣ್ಣದೇ ಸರಿ. ದಪ್ಪ ಪುಸ್ತಕ ನಂಗಾಗಲ್ಲ.


ನೇರ ಮಾತು

ಎಲ್ಲ ಸರಿ. ಒಂದು ಕೇಳಲಾ? ಪ್ರೀತಿ ಪ್ರೀತಿ ಅಂತ ಬರೆದು ಹಂಚುವುದು ಯಾಕೆ ಅಂತ ಎಲ್ಲರಿಗೂ ಗೊತ್ತು. ಅದು ಬಿಡಿ. ಕೊರೊನಾದಲ್ಲಿ ನಮ್ಮ ಬೀದಿಯಲ್ಲಿ ಒಂದೇ ವಾರಕ್ಕೆ ಮೂರು ಸಾವು. ಆಗ ಈ ಪ್ರೀತಿ ಎಲ್ಲಿತ್ತು? ಹೊಟ್ಟೆ ತುಂಬಿದವರು ಬರೆಯುವ ಮಾತು ಇದು.


ನಿರ್ವಾಹಕರು

ಮತಾಂತರದ ಜಗಳಕ್ಕೆ ಇಲ್ಲಿ ಜಾಗ ಇಲ್ಲ. ಎರಡನೇ ಪ್ರಶ್ನೆ ಇರಲಿ, ಅದು ಒಳ್ಳೆಯ ಪ್ರಶ್ನೆ.


ಹಳೆ ಪುಸ್ತಕ (ಮೈಸೂರು)

ಕಾಲೇಜಲ್ಲಿ ಕನ್ನಡ ಪಾಠ ಹೇಳುತ್ತಿದ್ದವನು ನಾನು. ನಮ್ಮದು ವೆಸ್ಲಿಯನ್ ಕಡೆಯ, ಅಂದರೆ ಪ್ರೊಟೆಸ್ಟೆಂಟ್ ಮನೆತನ. ‘ನೇರ ಮಾತು’ ಅವರಿಗೆ ಮೊದಲು ಉತ್ತರ ಕೊಡುತ್ತೇನೆ. ನಿಮ್ಮ ಬೀದಿಯ ಮೂರು ಸಾವಿಗೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ಆದರೆ ‘ಹೊಟ್ಟೆ ತುಂಬಿದವರು’ ಅನ್ನುವುದನ್ನು ಒಪ್ಪಲಾರೆ.

ಇಂಗ್ಲೆಂಡಿನ ನಾರಿಚ್ ಊರಲ್ಲಿ ಒಬ್ಬಳಿದ್ದಳು. ಜೂಲಿಯನ್ ಅನ್ನುತ್ತಾರೆ, ಅದು ಅವಳು ವಾಸವಿದ್ದ ಚರ್ಚಿನ ಹೆಸರಿರಬೇಕು. ಅವಳ ಸ್ವಂತ ಹೆಸರು ಖಚಿತವಾಗಿ ಯಾರಿಗೂ ತಿಳಿಯದು. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಊರಿಗೆ ಮಹಾ ಪ್ಲೇಗ್ ಬಂತು. ಆಮೇಲೆಯೂ ಮರಳಿ ಮರಳಿ ಬಂತು. 1373ರ ಮೇ ತಿಂಗಳು, ಮೂವತ್ತು ವರ್ಷದ ಅವಳು ಸಾಯುವ ಸ್ಥಿತಿಗೆ ಹೋದಳು. ಪಾದ್ರಿ ಬಂದು ಶಿಲುಬೆಯನ್ನು ಕಣ್ಣೆದುರು ಹಿಡಿದರು. ಆಗ ಕಂಡ ದರ್ಶನಗಳನ್ನು ಅವಳು ಬರೆದಳು. ಇಂಗ್ಲಿಷಿನಲ್ಲಿ ಹೆಂಗಸೊಬ್ಬಳು ಬರೆದು ಉಳಿದಿರುವ ಪುಸ್ತಕಗಳಲ್ಲಿ ಅದೇ ಮೊದಲನೆಯದು ಅನ್ನುತ್ತಾರೆ.

ಅದರಲ್ಲೊಂದು ದರ್ಶನ: ಅಂಗೈಯಲ್ಲಿ ಹೇಜಲ್‌ನಟ್‌ನಷ್ಟು ಒಂದು ಉಂಡೆ. ನಮ್ಮ ಕಡೆ ಸಣ್ಣ ಗೋಟಡಿಕೆ ಅಂದುಕೊಳ್ಳಿ. ಇದೇನು ಅಂತ ಕೇಳಿದಳು. ಸೃಷ್ಟಿಯಾದದ್ದೆಲ್ಲ ಇದೇ ಅಂತ ಉತ್ತರ ಬಂತು. ಇಷ್ಟು ಪುಟ್ಟದ್ದು ಹೇಗೆ ಉಳಿದಿದೆ, ಕ್ಷಣದಲ್ಲಿ ಇಲ್ಲವಾಗಬೇಕಿತ್ತಲ್ಲ ಅಂತ ಅವಳಿಗೆ ಆಶ್ಚರ್ಯ. ದೇವರು ಪ್ರೀತಿಸುವುದರಿಂದ ಉಳಿದಿದೆ. ಗಮನಿಸಿ, ಪ್ರೀತಿ ಇದ್ದರೆ ಲೋಕ ಗಟ್ಟಿ ಅಂತ ಅವಳು ಹೇಳಲಿಲ್ಲ. ಲೋಕ ಗೋಟಡಿಕೆಯಷ್ಟೇ, ಬಿದ್ದರೆ ಕಳೆದುಹೋಗುತ್ತದೆ. ಸಾವು ಕಂಡವಳಿಗಲ್ಲದೆ ಬೇರೆಯವರಿಗೆ ಆ ಉಪಮೆ ಹೊಳೆಯುವುದಿಲ್ಲ ಅಂತ ನನ್ನ ಅಭಿಪ್ರಾಯ. ಪಾಪ, ನೋವು ಯಾಕಿದೆ ಅಂತಲೂ ಅವಳು ಬಿಡದೆ ಕೇಳಿದ್ದಾಳೆ. ಈ ದರ್ಶನದ ಅರ್ಥವೇನು ಅಂತ ಹದಿನೈದು ವರ್ಷಕ್ಕೂ ಜಾಸ್ತಿ ಯೋಚಿಸಿ, ‘ಪ್ರೀತಿಯೇ ಅದರ ಅರ್ಥ’ ಅನ್ನುವಲ್ಲಿಗೆ ಬಂದಳು. ಹದಿನೈದು ವರ್ಷ ಸ್ವಾಮಿ. ನಾವು ಹದಿನೈದು ನಿಮಿಷ ಕೊಡುವುದಿಲ್ಲ.

ಇನ್ನು ಅಚ್ಚುಮೊಳೆಯವರಿಗೆ. ‘ಪ್ರೀತಿ’ 412 ಸಲ ಬಂದು ಸವೆದಿದೆ ಅಂದಿರಿ. ನಿಜ. ತಪ್ಪು ನಿಮ್ಮದಲ್ಲ. ಹೀಬ್ರೂ ಬೈಬಲಿನಲ್ಲಿ ‘ಹೆಸೆದ್’ ಅಂತ ಒಂದು ಮಾತಿದೆ. ಕೊಟ್ಟ ಮಾತಿಗೆ ನಿಂತುಕೊಳ್ಳುವ, ಬಿಟ್ಟುಹೋಗದ ಪ್ರೀತಿ. ಕನ್ನಡದಲ್ಲಿ ಹೆಚ್ಚಾಗಿ ‘ಕೃಪೆ’ ಅಂತ ಬಂದಿದೆ. 136ನೇ ಕೀರ್ತನೆಯ 26 ವಚನಗಳಲ್ಲೂ ಆ ಕೃಪೆ ಶಾಶ್ವತ ಅನ್ನುವ ಪಲ್ಲವಿ ಇದೆ. ಸುಮ್ನೆ ಓದಿದರೆ ಬೇಜಾರೇ. ಒಬ್ಬರು ಹೇಳಿ ಹತ್ತು ಜನ ಸೊಲ್ಲು ಹಿಡಿದು ನೋಡಿ, ಸೋಬಾನೆ ಪದದ ಹಾಗೆ ಎದ್ದು ನಿಲ್ಲುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. ಬೈಬಲಿನಲ್ಲಿ ಲೂಕ ಬರೆದ ಯೇಸುವಿನ ಕಥೆಯ 15ನೇ ಅಧ್ಯಾಯದಲ್ಲಿ ಮನೆಬಿಟ್ಟು ಹೋದ ಕಿರಿಮಗ ವಾಪಸ್ ಬರುತ್ತಾನೆ. ಇನ್ನೂ ದೂರ ಇರುವಾಗಲೇ ತಂದೆ ಕಂಡು ಓಡುತ್ತಾನೆ. ನಮ್ಮ ಬೈಬಲಲ್ಲಿ ‘ಕನಿಕರಪಟ್ಟು’ ಅಂತ ಇದೆ. ಒಳ್ಳೆಯ ಮಾತೇ. ಆದರೆ ಗ್ರೀಕ್ ಮೂಲದ ಕ್ರಿಯಾಪದ ಹುಟ್ಟಿರುವುದು ‘ಸ್ಪ್ಲಾಂಖ್ನಾ’ ಅನ್ನುವ ಮಾತಿನಿಂದ. ಅಂದರೆ ಹೊಟ್ಟೆಯೊಳಗಿನ ಅಂಗಗಳು, ಕರುಳು. ಇಂಗ್ಲಿಷಿನವರು ಇದಕ್ಕೆ ಒದ್ದಾಡುತ್ತಾರೆ. ನಮಗೆ ಒದ್ದಾಟವೇ ಇಲ್ಲ. ಕರುಳು ಚುರುಕ್ ಅಂತು. ಹೆತ್ತ ಕರುಳು, ಕರುಳಬಳ್ಳಿ, ಕರುಳು ಕಿತ್ತು ಬಂತು. ಗ್ರೀಕ್ ಬಾರದ ನಮ್ಮಜ್ಜಿ ಈ ಕಥೆ ಹೇಳುವಾಗ ‘ಅಪ್ಪನಿಗೆ ಕರುಳು ತಡೀಲಿಲ್ಲ’ ಅಂತಿದ್ದಳು. ಮೂಲಕ್ಕೆ ಅವಳೇ ಹತ್ತಿರ ಇದ್ದಳು!

ಪೂರ್ತಿ ಕನ್ನಡ ಬೈಬಲ್ ಮೊದಲು ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಕಾಲದಲ್ಲಿ ಆಯಿತು, 1831. ನಿಘಂಟಿನ ಕಿಟೆಲ್ 1862ರಲ್ಲಿ ‘ಕಥಾಮಾಲೆ’ ಅಂತ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಪದ್ಯ ಮಾಡಿದರು. ಇಲ್ಲಿ ಮೈಸೂರಲ್ಲೂ ವೆಸ್ಲಿಯನ್ ಮಿಷನ್ ಅಚ್ಚುಕೂಟ ಇತ್ತು. ನಿಮ್ಮ ಅಂಗಡಿ ಆ ಸಾಲಿನ ಕೊನೆಯ ಕೊಂಡಿ ಅಂದರೆ ತಪ್ಪೇನಿಲ್ಲ. ಬಿಲ್ ಕಡಿಮೆ ಮಾಡಿ ಅಂತ ಹೇಳುತ್ತಿಲ್ಲ.


ಲೂರ್ದುನಗರದ ಅಕ್ಕ

ಮೇಷ್ಟ್ರೇ, ಅಷ್ಟು ಹಿಂದೆ ಹೋದವರು ಶ್ರೀರಂಗಪಟ್ಟಣ ಬಿಟ್ಟಿರಿ. ಚಿನ್ನಾಮಿ ಅನ್ನುವ ಇಟಲಿಯ ಯೇಸುಸಭೆಯ (ಜೆಸ್ಯೂಟ್) ಗುರುಗಳು 17ನೇ ಶತಮಾನದ ನಡುವಲ್ಲೇ ಅಲ್ಲಿಗೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮಬೋಧೆ ಬರೆದರು. ನಿಮ್ಮ ಬಳ್ಳಾರಿಗಿಂತ ಎಷ್ಟೋ ಮೊದಲು.


ಹಳೆ ಪುಸ್ತಕ (ಮೈಸೂರು)

ಒಪ್ಪಿದೆ ಅಕ್ಕ. ಕಥೋಲಿಕರಿಗೆ ಒಂದು ಮಾರ್ಕು ಜಾಸ್ತಿ. ಗಾಸ್ಪೆಲ್‌ಗೆ ನೀವು ‘ಶುಭಸಂದೇಶ’ ಅನ್ನಿ, ನಾವು ‘ಸುವಾರ್ತೆ’ ಅನ್ನುತ್ತೇವೆ.


ಕಬ್ಬಿನ ಗದ್ದೆ (ಮಂಡ್ಯ)

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ನಾವು ಆಲೆಮನೆಯವರು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು ಪಾಕ ಬರುವ ಹೊತ್ತಿಗೆ ಊರೆಲ್ಲ ಘಮ್ ಅನ್ನುತ್ತದೆ. ಪಟ್ಟಣದಿಂದ ಬಂದವರು ಬಿಸಿ ಬೆಲ್ಲ ಬೊಗಸೆ ತುಂಬ ತಿಂದು ಆಮೇಲೆ ಹೊಟ್ಟೆ ತೊಳಸಿ ಕೂರುತ್ತಾರೆ. ನಾವು ಒಂದು ಚೂರು ಬಾಯಿಗೆ ಹಾಕಿಕೊಂಡು ಚೊಂಬು ನೀರು ಕುಡಿಯುತ್ತೇವೆ. ಅದೂ ಬಿಸಿಲಲ್ಲಿ ಗೇದು ಬಂದಾಗ. ಅಚ್ಚುಮೊಳೆ ಅಣ್ಣ, ನೀವು ಬೊಗಸೆ ತುಂಬ ತಿಂದಿದ್ದೀರಿ. ಅಷ್ಟೇ ಆಗಿರುವುದು.

ನಾನೂ ಕ್ರೈಸ್ತನಲ್ಲ. ಮನೆದೇವರು ಇದ್ದಾನೆ, ವರ್ಷಕ್ಕೊಮ್ಮೆ ಪರ ಮಾಡುತ್ತೇವೆ. ಅಪ್ಪ ಕೊನೆಗಾಲದಲ್ಲಿ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಹದಿನೆಂಟು ದಿನ ಇದ್ದರು. ಮಂಚದ ಪಕ್ಕದ ಡ್ರಾದಲ್ಲಿ ಅಂಗೈ ಅಗಲದ ಹೊಸ ಒಡಂಬಡಿಕೆ, ಅಂದರೆ ಬೈಬಲಿನ ಎರಡನೇ ಭಾಗ ಇತ್ತು. ಫೋನ್ ಚಾರ್ಜ್ ಮುಗಿದ ಒಂದು ರಾತ್ರಿ ತೆಗೆದೆ. ‘ಹಳೆ ಪುಸ್ತಕ’ ಮೇಷ್ಟ್ರು ಹೇಳಿದ ಅದೇ ಕಥೆ ಸಿಕ್ಕಿತು.

ಎಲ್ಲರೂ ಕಿರಿಮಗನ ಬಗ್ಗೆ ಹೇಳುತ್ತಾರೆ. ನನಗೆ ಹಿಡಿದದ್ದು ಹಿರಿಮಗ. ಅವನು ಹೊಲದಿಂದ ಬರುತ್ತಾನೆ. ಮನೆಯಲ್ಲಿ ವಾಲಗ, ಕುಣಿತ. ಏನಪ್ಪಾ ಅಂತ ಆಳನ್ನು ಕೇಳುತ್ತಾನೆ. ಮನೆಯ ಸುದ್ದಿ ಆಳಿನ ಬಾಯಿಂದ ತಿಳಿಯಬೇಕು, ನೋಡಿ ಅವನ ಗತಿ. ಒಳಗೆ ಹೋಗುವುದಿಲ್ಲ. ಅಪ್ಪ ಹೊರಗೆ ಬಂದರೆ ಹೇಳುತ್ತಾನೆ: ಇಷ್ಟು ವರ್ಷ ಗೇದೆ, ಒಂದು ಮೇಕೆಮರಿ ಕೊಡಲಿಲ್ಲ ನೀನು. ಆಸ್ತಿ ತಿಂದು ಬಂದ ‘ಈ ನಿನ್ನ ಮಗ’ನಿಗೆ ಕೊಬ್ಬಿದ ಕರು. ‘ನನ್ನ ತಮ್ಮ’ ಅನ್ನುವುದಿಲ್ಲ ಅವನು. ‘ನಿನ್ನ ಮಗ’ ಅನ್ನುತ್ತಾನೆ.

ನನ್ನ ತಮ್ಮ ತನ್ನ ಭಾಗದ ಗದ್ದೆ ಮಾರಿಕೊಂಡು ಬೆಂಗಳೂರಿಗೆ ಹೋದ. ನಾಲೆ ನೀರು ಮೊದಲು ಬರುವ ಗದ್ದೆ ಅದು. ಸೈಟಿನ ವ್ಯವಹಾರದಲ್ಲಿ ಎಲ್ಲ ಕಳೆದ. ಹದಿನೆಂಟು ದಿನವೂ ಅಪ್ಪನ ಮೈ ಒರೆಸಿದವನು ನಾನು. ಅಪ್ಪ ಕಣ್ಣು ಬಿಟ್ಟಾಗಲೆಲ್ಲ ಕೇಳಿದ್ದು ‘ಚಿಕ್ಕೋನು ಬಂದ್ನಾ?’ ಅಂತ. ಅವತ್ತು ಸಂಜೆಯೂ ನಾನು ಅಮ್ಮನ ಎದುರು ‘ಬರ್ತಾನೆ ಬಿಡು ನಿನ್ನ ಮಗ’ ಅಂದಿದ್ದೆ. ರಾತ್ರಿ ಅದೇ ಮಾತನ್ನು ಅಚ್ಚಾದ ಪುಸ್ತಕದಲ್ಲಿ ನೋಡಿದೆ. ಎರಡು ಸಾವಿರ ವರ್ಷದ ಹಿಂದೆ ಯಾರೋ ನಮ್ಮ ಮನೆ ಜಗಲಿಯಲ್ಲಿ ಕೂತು ಕೇಳಿಸಿಕೊಂಡ ಹಾಗೆ.

ಕಥೆಯ ಅಪ್ಪ ಅದಕ್ಕೆ ಕೊಟ್ಟ ಉತ್ತರದಲ್ಲಿ ‘ಈ ನಿನ್ನ ತಮ್ಮ’ ಅಂತ ತಿದ್ದುತ್ತಾನೆ. ಬೈಯುವುದಿಲ್ಲ, ಒಂದು ಮಾತು ತಿದ್ದುತ್ತಾನೆ. ನಿಮ್ಮ ಮೇಷ್ಟ್ರು ಕೆಂಪು ಪೆನ್ನಲ್ಲಿ ತಿದ್ದಿದ್ದು ಓದಿದಾಗ ಇದು ನೆನಪಾಯಿತು. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಹಿರಿಮಗ ಒಳಗೆ ಹೋದನೋ ಇಲ್ಲವೋ ಅಂತ ಕಥೆಯಲ್ಲಿ ಇಲ್ಲ. ಪುಟ ಹರಿದಿದೆಯಾ ಅಂತ ತಿರುಗಿಸಿ ನೋಡಿದೆ. ಹರಿದಿರಲಿಲ್ಲ.


ನೇರ ಮಾತು

ಅಣ್ಣ, ತಮ್ಮ ಬಂದನಾ ಆಮೇಲೆ?


ಕಬ್ಬಿನ ಗದ್ದೆ (ಮಂಡ್ಯ)

ಮಣ್ಣಿಗೆ ಬಂದ. ಹನ್ನೊಂದನೇ ದಿನ ಹೋದ. ಮಾತಾಡಿಲ್ಲ.


ಅಡುಗೆಮನೆ ಖೈದಿ

ಓದಿ ಸುಮ್ಮನೆ ಕೂತೆ. ಸಾರು ತಳ ಹಿಡಿಯಿತು.


ಓದು ಹುಚ್ಚಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತದೆ, ಕ್ಷಮಿಸಿ. 12ನೇ ಶತಮಾನದ ಬರ್ನಾರ್ಡ್ ಅನ್ನುವ ಸನ್ಯಾಸಿ ಪ್ರೀತಿಗೆ ನಾಲ್ಕು ಮೆಟ್ಟಿಲು ಹೇಳುತ್ತಾನೆ. ಮೊದಲು ನನಗಾಗಿ ನನ್ನನ್ನು ಪ್ರೀತಿಸುತ್ತೇನೆ. ಆಮೇಲೆ ನನ್ನ ಲಾಭಕ್ಕೆ ದೇವರನ್ನು. ಆಮೇಲೆ ದೇವರಿಗಾಗಿ ದೇವರನ್ನು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ನಾಲ್ಕನೆಯದು, ದೇವರಿಗಾಗಿ ನನ್ನನ್ನು ನಾನು ಪ್ರೀತಿಸುವುದು! ಸುತ್ತಿ ಬಳಸಿ ಮನೆಗೇ ಬಂದ ಹಾಗೆ. ನಮ್ಮ ಅಕ್ಕಮಹಾದೇವಿ ಓದಿ ಬೆಳೆದವಳು ನಾನು, ಕೊನೆಗೆ ‘ನಾನು’ ಕರಗಬೇಕು ಅಂತಲೇ ನನ್ನ ತಲೆಯಲ್ಲಿದ್ದದ್ದು. ಇದು ಬೇರೆ ದಾರಿ. ಎರಡೂ ಒಂದೇ ಅಂತ ದಯವಿಟ್ಟು ಯಾರೂ ಹೇಳಬೇಡಿ. ಒಂದೇ ಅಂದರೆ ಎರಡನ್ನೂ ಓದಿಲ್ಲ ಅಂತ ಅರ್ಥ.


ಹಳೆ ಪುಸ್ತಕ (ಮೈಸೂರು)

ಕೊನೆಯ ಎರಡು ವಾಕ್ಯಕ್ಕೆ ನನ್ನ ಪೂರ್ತಿ ಬೆಂಬಲ. ಎಲ್ಲ ಸೆಮಿನಾರುಗಳಲ್ಲೂ ಬೋರ್ಡ್ ಬರೆಸಿ ಹಾಕಬೇಕು.


ಅಚ್ಚುಮೊಳೆ (ಮೈಸೂರು)

ಆರು ದಿನ ಈ ಕಡೆ ಬರಲಿಲ್ಲ, ಕೆಲಸ. ಎಲ್ಲರದ್ದೂ ಓದಿದೆ. ಅಕ್ಕ ಹೇಳಿದ ಹಾಗೆ ದಿನಕ್ಕೆ ಒಂದೇ ಫಾರಂ ತೆಗೆದುಕೊಂಡೆ. ಅಂಗಡಿ ಬಾಗಿಲು ತೆಗೆಯುವ ಮೊದಲು, ಶಟರ್ ಅರ್ಧ ಎತ್ತಿ.

41ನೇ ಪುಟ. ಮೇಷ್ಟ್ರು ಅದೇ ಕಥೆ ಬರೆದಿದ್ದಾರೆ. ‘ಅಪ್ಪನ ಕಾಲಿಗಿಂತ ಮೊದಲು ಅವನ ಕರುಳು ಓಡಿತು’ ಅಂತ ಒಂದು ಸಾಲು. ಕರುಳು! ಮೂರು ವಾರದ ಹಿಂದೆ ನಾನೇ ಟೈಪ್ ಮಾಡಿದ ಸಾಲು. ನನ್ನ ಬೆರಳಲ್ಲೇ ಹಾದು ಹೋಗಿದೆ, ನನಗೆ ಗೊತ್ತೇ ಇಲ್ಲ. ಮಿಕ್ಸಿಯೂ ಸಿಕ್ಕಿತು ಅಕ್ಕ, 67ನೇ ಪುಟ. ಅವರ ಮನೆಯವರಿಗೆ ಮರೆವಿನ ಕಾಯಿಲೆಯಂತೆ. ದಿನಕ್ಕೆ ಇಪ್ಪತ್ತು ಸಲ ‘ಊಟ ಆಯ್ತಾ?’ ಅಂತ ಇವರನ್ನೇ ಕೇಳುತ್ತಾರಂತೆ. ಇಪ್ಪತ್ತನೇ ಸಲವೂ ಮೊದಲನೇ ಸಲದ ದನಿಯಲ್ಲೇ ಉತ್ತರ ಕೊಡಲು ಕಲಿಯುತ್ತಿದ್ದೇನೆ ಅಂತ ಬರೆದಿದ್ದಾರೆ. ಆ ಪುಟದಲ್ಲಿ ‘ಪ್ರೀತಿ’ ಅನ್ನುವ ಮಾತು ಒಂದು ಸಲವೂ ಇಲ್ಲ. ಎಣಿಸಿದೆ.

ಇನ್ನೂ ಎರಡು ಕಡೆ ‘ಪ್ರತಿ’ ಸಿಕ್ಕಿತು, ಸರಿ ಮಾಡಿದೆ. 412 ಅಲ್ಲ, ಈಗ 415.

ಸೋಮವಾರ ಪ್ರಿಂಟಿಗೆ ಹೋಗುತ್ತದೆ. ಮೇಷ್ಟ್ರ ಹತ್ತಿರ ಕೇಳಿದೆ, ಇಲ್ಲಿ ಮಾತಾಡಿದವರಿಗೆ ಕಳಿಸಿ ಅಂದರು. ಅಂಚೆ ಖರ್ಚು ನನ್ನದು. ವಿಳಾಸವನ್ನು ಇಲ್ಲಿ ಹಾಕಬೇಡಿ, ಖಾಸಗಿಯಾಗಿ ಕಳಿಸಿ.


ನೇರ ಮಾತು

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದೆ ಅಂತ ಅಲ್ಲ. ಆ 67ನೇ ಪುಟಕ್ಕೋಸ್ಕರ ನನಗೂ ಒಂದು.


ಕಬ್ಬಿನ ಗದ್ದೆ (ಮಂಡ್ಯ)

ವಿಳಾಸ ಕಳಿಸಿದ್ದೇನೆ ಅಣ್ಣ. ಎರಡು ಪ್ರತಿ ಬೇಕು. ಪ್ರತಿ ಅಂತಲೇ ಬರೆದಿದ್ದೇನೆ, ತಿದ್ದಬೇಡಿ.